ಚಾರ್ಜರ್ ಕಿತ್ತಿಡಿ, ದೇಶ ಉಳಿಸಿ

ಶಿವಮೊಗ್ಗದಲ್ಲಿ ನಮ್ ರಸ್ತೇಲಿ ಒಂದು ಫ್ಲೆಕ್ಸ್ ಕಟ್ಟಿದಾರೆ, "ಫೋನ್ ಚಾರ್ಜ್ ಆದ ಮೇಲೆ ಚಾರ್ಜರ್ ಪ್ಲಗ್ಗಿಂದ ತೆಗೆಯಿರಿ, ವಿದ್ಯುತ್ ಉಳಿಸಿ" ಅಂತ. ಕೈ ಮುಗಿದು ನಿಂತಿರೋ ಮುಖಂಡರ ಸಾಲಿನ ಕೆಳಗೆ ಬೆರಳಷ್ಟು ಒಂದು ಚಾರ್ಜರ್ ಚಿತ್ರ. ಕಟ್ಟಿರೋದು ಬೀದಿದೀಪದ ಕಂಬಕ್ಕೆ. ಮಟಮಟ ಮಧ್ಯಾಹ್ನ ಆ ದೀಪ ಉರೀತಾ ಇದೆ, ಫ್ಲೆಕ್ಸ್ ಎಲ್ರಿಗೂ ಚೆನ್ನಾಗಿ ಕಾಣ್ಲಿ ಅಂತಿರ್ಬೇಕು.

ಲೆಕ್ಕ ಹಾಕಣ. ಫೋನ್ ಇಲ್ದೆ ಸುಮ್ನೆ ಗೋಡೇಲಿ ನೇತಾಡೋ ಈಗಿನ ಒಳ್ಳೆ ಚಾರ್ಜರ್ ಎಳೆಯೋದು ಹೆಚ್ಚಂದ್ರೆ 0.1 ವ್ಯಾಟ್, ಯುರೋಪಲ್ಲಂತೂ 2020ರಿಂದ ಸಾಮಾನ್ಯ ಫೋನ್ ಚಾರ್ಜರ್ ಅದಕ್ಕಿಂತ ಜಾಸ್ತಿ ಎಳೆಯಂಗಿಲ್ಲ ಅಂತ ರೂಲ್ಸೇ ಇದೆ. ವರ್ಷಪೂರ್ತಿ ಹಗಲೂ ರಾತ್ರಿ ಬಿಟ್ರೂ ಒಂದು ಯೂನಿಟ್ ಆಗಲ್ಲ ಮಾರಾಯ್ರೆ! ಅದೇ 90 ವ್ಯಾಟಿನ ಎಲ್‌ಇಡಿ ಬೀದಿದೀಪ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೂ ಸೂರ್ಯಂಗೆ ಟಾರ್ಚ್ ಬಿಟ್ಕೊಂಡು ನಿಂತ್ರೆ ಒಂದೇ ದಿನಕ್ಕೆ ಒಂದು ಯೂನಿಟ್ ದಾಟುತ್ತೆ. ಅಂದ್ರೆ ನಾನು ವರ್ಷವೆಲ್ಲಾ ಮಂಚದ ಹಿಂದೆ ಕೈ ತೂರಿಸಿ, ಸೊಂಟ ಹಿಡ್ಕೊಂಡು, ಪ್ಲಗ್ ಕಿತ್ತು ಉಳಿಸಿದ್ದನ್ನ ಅದು ಒಂದು ಹಗಲಲ್ಲಿ ನುಂಗಿ ನೀರು ಕುಡಿಯುತ್ತೆ.

ಹಳೇ ದಪ್ಪ ಚಾರ್ಜರ್ ಕಾಲದಲ್ಲಿ ಈ ಮಾತಿಗೆ ಅರ್ಥ ಇತ್ತು, ಒಳಗೆ ಟ್ರಾನ್ಸ್‌ಫಾರ್ಮರ್ ಇರೋದು, ಫೋನ್ ಹಾಕ್ದಿದ್ರೂ ಮುಟ್ಟಿದ್ರೆ ಬೆಚ್ಚಗಿರೋದು. ಚಾರ್ಜರ್ ಬದಲಾಯ್ತು, ಭಾಷಣ ಹಂಗೇ ಇದೆ. (ಬಸ್‌ಸ್ಟ್ಯಾಂಡ್ ಹತ್ರ ನೂರು ರೂಪಾಯಿಗೆ ಸಿಗೋ ಹೆಸರಿಲ್ಲದ ಚಾರ್ಜರ್ ಕಥೆ ಬೇರೆ, ಅದನ್ನ ಕರೆಂಟ್ ಉಳಿಸೋಕಲ್ಲ, ಮನೆ ಉಳಿಸೋಕೆ ಕಿತ್ತಿಡಿ.)

ತೀರ್ಥಹಳ್ಳಿ ಕಡೆ ನಮ್ ದೊಡ್ಡಮ್ಮಂಗೆ ಈ ಉಪದೇಶ ಹೇಳ್ದೆ. "ಕರೆಂಟ್ ಯಾವಾಗ ಬರುತ್ತೆ ಯಾವಾಗ ಹೋಗುತ್ತೆ ಯಾರಿಗೆ ಗೊತ್ತು ಮಾರಾಯ, ಮಳೇಲಿ ಲೈನ್ ಮೇಲೆ ಮರ ಬಿದ್ರೆ ಮುಗೀತು, ರಾತ್ರಿ ಎರಡಕ್ಕೆ ಬಂದ್ರೆ ಎದ್ದು ಚುಚ್ಚೋರು ಯಾರು? ಅದು ಅಲ್ಲೇ ಇರ್ಲಿ" ಅಂದ್ರು. ಶರಾವತಿ ಕರೆಂಟು ಇದೇ ಜಿಲ್ಲೇಲಿ ಹುಟ್ಟಿ ರಾಜ್ಯವೆಲ್ಲಾ ಸುತ್ತುತ್ತೆ, ದೊಡ್ಡಮ್ಮನ ಮನೆಗೆ ಮಾತ್ರ ನೆಂಟರ ಥರ ಬಂದು ಹೋಗುತ್ತೆ.

ಇರ್ಲಿ, ಆ ದೀಪ ಆರಿಸ್ಬೋದಲ್ವಾ ಅಂತ ಸಂಬಂಧಪಟ್ಟೋರನ್ನ ಕೇಳ್ದೆ. ಟೈಮರ್ ಕೆಟ್ಟಿದೆಯಂತೆ. ಕೈಯಲ್ಲೇ ಆಫ್ ಮಾಡಿ ಅಂದ್ರೆ ಸ್ವಿಚ್ ಬಾಕ್ಸಿಗೆ ಬೀಗ, ಬೀಗದ ಕೈ ಕಂಟ್ರಾಕ್ಟರ್ ಹತ್ರ, ಕಂಟ್ರಾಕ್ಟರ್‌ಗೆ ಫೋನ್ ಮಾಡಿದ್ರೆ ಸ್ವಿಚ್ ಆಫ್. ಪಾಪ, ಫ್ಲೆಕ್ಸ್ ಓದಿ ಚಾರ್ಜರ್ ಕಿತ್ತಿಟ್ಟಿರ್ಬೇಕು.