ಸಿಕ್ಕು

ಮುಂಬಯಿ ಪಕ್ಕದ ಡೊಂಬಿವಲಿಯ ಯಾವುದೇ ಸೊಸೈಟಿಯ ಲಿಫ್ಟಿನಲ್ಲಿ ಬೆಕ್ಕಿನ ಬುಟ್ಟಿ ಹಿಡಿದು ನಿಂತವರಿಗೆ ಮೂರನೇ ಮಹಡಿ ದಾಟುವುದರೊಳಗೆ ಮೂರು ಪ್ರಶ್ನೆ ಖಚಿತ. "ಇದು ಒರಿಜಿನಲ್ ಪರ್ಷಿಯನ್ನಾ ಮಾರಾಯ್ರೆ?" ಎಂದು ಉಡುಪಿ ಕಡೆಯವರು. "ಎಷ್ಟಕ್ಕ ತಂದ್ರಿ?" ಎಂದು ಧಾರವಾಡದವರು. ಮೂರನೆಯದಕ್ಕೆ ಊರಿನ ಹಂಗಿಲ್ಲ, ಎಲ್ಲರೂ ಕೇಳುತ್ತಾರೆ: "ಪಂಚ್ ಫೇಸಾ, ಡಾಲ್ ಫೇಸಾ?" ದಿನಾ ಬಾಚುತ್ತೀರಾ ಎಂದು ಮಾತ್ರ ಒಬ್ಬರ ಬಾಯಲ್ಲೂ ಬರುವುದಿಲ್ಲ. ಕೇಳಬೇಕಾದದ್ದು ಅದೊಂದೇ. ಯಾಕೆ ಎಂಬುದನ್ನು ಕೊನೆಯಲ್ಲಿ ಹೇಳುವ ಇರಾದೆ ಇದೆ.

ಈ ಪಂಚು (ಪೂರ್ತಿ ಚಪ್ಪಟೆ ಮೂತಿ), ಡಾಲು (ಮೂಗು ಎದ್ದ ಮೂತಿ), ನಡುವಿನ ಸೆಮಿ ಪಂಚು, ಎಲ್ಲವೂ ಮಾರುವವರ ಭಾಷೆ. ಹೋಟೆಲಿನಲ್ಲಿ ಸಾದಾ, ಮಸಾಲೆ, ಸೆಟ್ ಎಂದು ಕೂಗುವ ಹಾಗೆ ಇವರು ಮೂತಿಯ ಚಪ್ಪಟೆಯನ್ನು ಕೂಗುತ್ತಾರೆ. ಮೂಗು ಎಷ್ಟು ಒಳಗೋ ದರ ಅಷ್ಟು ಮೇಲೆ. 'ಟ್ರಿಪಲ್ ಕೋಟ್' ಎಂಬ ಇನ್ನೊಂದು ಬಿರುದೂ ಉಂಟು. ಬೆಕ್ಕಿಗೆ ಇರುವುದೇ ಮೂರು ಬಗೆಯ ಕೂದಲು: ಹೊರಗಿನ ಉದ್ದ ಕೂದಲು, ನಡುವಿನದು, ಚರ್ಮಕ್ಕೆ ಒತ್ತಿಕೊಂಡ ಹತ್ತಿಯಂಥ ಒಳಗೂದಲು. ಮೀನು ಮಾರುವ ಕೋಲಿ ಜಾತಿಯ ಹೆಂಗಸಿನ ಬುಟ್ಟಿಯ ಪಕ್ಕ ಧ್ಯಾನಕ್ಕೆ ಕೂತ ಗಲ್ಲಿ ಬೆಕ್ಕೂ ಆ ಲೆಕ್ಕದಲ್ಲಿ ಟ್ರಿಪಲ್ ಕೋಟೇ. ಪರ್ಷಿಯನ್ನಿನ ಉದ್ದ ಕೂದಲಿಗೆ ಕಾರಣ ಎಫ್‌ಜಿಎಫ್5 ಎಂಬ ಒಂದು ಜೀನಿನ ಬದಲಾವಣೆ. ಅದು ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಕೂದಲು ಇಳಿಯುತ್ತದೆ. ಅದಕ್ಕೇ ಬೀದಿಯ ಗಂಡಿಗೆ ಕೂಡಿ ಹುಟ್ಟಿದ ಮರಿಗಳನ್ನು ನೋಡಿ ಯಜಮಾನರ ಮುಖ ಅಷ್ಟು ಇಳಿಯುವುದು.

ಇನ್ನು 'ಪ್ರಾಚೀನ ತಳಿ' ಎಂಬ ಮಾತು. ಬೆಕ್ಕಿನ ಬಗ್ಗೆ ಬರೆದ ಯಾವ ಕೈಪಿಡಿ ತೆರೆದರೂ ಮೊದಲ ಪುಟದಲ್ಲಿ ಒಂದೇ ವಾಕ್ಯ: 1620ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಯಾತ್ರಿಕ ಈ ಬೆಕ್ಕನ್ನು ಇಟಲಿಗೆ ತಂದ. ಒಬ್ಬರದನ್ನು ಇನ್ನೊಬ್ಬರು ನಕಲು ಹೊಡೆಯುತ್ತಾ ಬಂದಿದ್ದಾರೆ, ಆ ಮನುಷ್ಯ 1620ರಲ್ಲಿ ಎಲ್ಲಿದ್ದ ಎಂದು ನೋಡುವ ತಾಳ್ಮೆ ಇಲ್ಲ. ಆತ ಇದ್ದದ್ದು ಪರ್ಷಿಯಾದ ಇಸ್ಫಹಾನಿನಲ್ಲಿ. ಅಲ್ಲಿಂದ ಬರೆದ ಪತ್ರದಲ್ಲಿ ಆ ದೇಶದ ಖೊರಾಸಾನ್ ಸೀಮೆಯ ಬೆಕ್ಕುಗಳನ್ನು ಮೆಚ್ಚಿಕೊಂಡಿದ್ದಾನೆ: ಬೂದು ಬಣ್ಣ, ರೇಷ್ಮೆಯಂಥ ಕೂದಲು, ಅಳಿಲಿನ ಹಾಗೆ ಬೆನ್ನ ಮೇಲೆ ಹೊದ್ದುಕೊಳ್ಳುವ ಬಾಲ. ನಾಲ್ಕು ಜೊತೆ ಇಟ್ಟುಕೊಂಡಿದ್ದೇನೆ, ಇಟಲಿಗೆ ಒಯ್ಯುವ ಮನಸ್ಸಿದೆ ಎಂದೂ ಹೇಳುತ್ತಾನೆ. ಮನಸ್ಸಿದೆ ಎಂದವನನ್ನು ತಂದೇ ಬಿಟ್ಟ ಎಂದು ಬರೆಯುವುದು ನಮ್ಮ ಕೈಪಿಡಿಯವರ ಔದಾರ್ಯ. ಆತ ರೋಮ್ ಸೇರಿದ್ದು 1626ರಲ್ಲಿ.

ನಡುವಿನ ಆರು ವರ್ಷ ಏನು ಮಾಡುತ್ತಿದ್ದ ಎಂದರೆ, ಕೈಪಿಡಿಯವರು ಬಿಟ್ಟರೂ ನಾವು ಬಿಡಬಾರದ ಸಂಗತಿ ಇರುವುದು ಅಲ್ಲೇ. 1621ರ ಕೊನೆಯಲ್ಲಿ ಹೋರ್ಮುಜ್ ಬಂದರಿನ ದಾರಿಯಲ್ಲಿ ಅವನ ಹೆಂಡತಿ ಸಿತ್ತಿ ಮಾನಿ ಜ್ವರದಲ್ಲಿ ತೀರಿಕೊಂಡಳು. ಬಾಗ್ದಾದಿನ ಕಡೆಯ ಹುಡುಗಿ. ಆತ ಹೆಣಕ್ಕೆ ಮದ್ದು ಹಚ್ಚಿಸಿ, ಪೆಟ್ಟಿಗೆಯಲ್ಲಿಟ್ಟು, ಊರಿಗೇ ಒಯ್ಯುತ್ತೇನೆ ಎಂದು ಹೊರಟ. ಆ ಪೆಟ್ಟಿಗೆಯ ಸಮೇತ 1623ರಲ್ಲಿ ಸೂರತ್ತಿಗೆ ಬಂದ, ಅಲ್ಲಿಂದ ಗೋವಾಕ್ಕೆ. ಆ ವರ್ಷದ ಮಳೆ ಕಳೆದ ಮೇಲೆ ಪೋರ್ಚುಗೀಸರ ರಾಯಭಾರದ ಜೊತೆ ದೋಣಿ ಹತ್ತಿ ಹೊನ್ನಾವರ, ಗೇರುಸೊಪ್ಪೆ, ಘಟ್ಟ ಹತ್ತಿ ಇಕ್ಕೇರಿ. ಜೊತೆಯಲ್ಲಿ ಇಕ್ಕೇರಿಯ ಕಡೆಯ ರಾಯಭಾರಿ ವಿಠಲ ಶೆಣೈ. ವೆಂಕಟಪ್ಪ ನಾಯಕನ ಓಲಗ ನೋಡಿದ, ಕೋಲು ಹಿಡಿದು ಕುಣಿಯುವ ಹೆಂಗಸರನ್ನು ನೋಡಿದ, ದೇವಸ್ಥಾನದ ಜಗಲಿಯಲ್ಲಿ ಮರಳು ಹರವಿ ಬೆರಳಲ್ಲಿ ಬರೆಯುತ್ತಾ ರಾಗವಾಗಿ ಮಗ್ಗಿ ಹೇಳುವ ಹುಡುಗರನ್ನು ನೋಡಿ, ಹೀಗೇಕೆ ಎಂದು ಅವರನ್ನೇ ಕೇಳಿದ. ಆಮೇಲೆ ಮಂಗಳೂರಿಗೆ ಇಳಿದು, ಬರಿಗಾಲಿನಲ್ಲಿ ನಿಂತು ಕಾಲುವೆ ಕೆಲಸ ನೋಡಿಕೊಳ್ಳುತ್ತಿದ್ದ ಉಳ್ಳಾಲದ ರಾಣಿಯೊಂದಿಗೆ ಮಾತಾಡಿದ. ಓಲೆ ಕೊಡೆಯಿಂದ ಹಿಡಿದು ಎಲ್ಲವನ್ನೂ ಬರೆದಿಟ್ಟ. ಕೊನೆಗೆ ಬಸ್ರಾ, ಅಲೆಪ್ಪೊ ದಾಟಿ ರೋಮ್ ಸೇರಿ, ಸಿತ್ತಿ ಮಾನಿಯನ್ನು ಅರಾಚೇಲಿ ಇಗರ್ಜಿಯಲ್ಲಿ ತನ್ನ ಮನೆತನದವರ ಜೊತೆ ಮಣ್ಣು ಮಾಡಿದ.

ಬೆಕ್ಕಿನ ಪತ್ರದಲ್ಲಿ ಆತ ಇನ್ನೊಂದು ಮಾತನ್ನೂ ಸೇರಿಸಿದ್ದಾನೆ: ಪೋರ್ಚುಗೀಸರು ಈ ಬೆಕ್ಕುಗಳನ್ನು ಪರ್ಷಿಯಾದಿಂದ ಹಿಂದೂಸ್ಥಾನಕ್ಕೆ ಒಯ್ದಿದ್ದಾರೆ ಎಂದು. ಅವರ ಹಿಂದೂಸ್ಥಾನದ ರಾಜಧಾನಿ ಗೋವಾ. ಅಂದರೆ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ 1871ರಲ್ಲಿ ಬೆಕ್ಕುಗಳ ದೊಡ್ಡ ಪ್ರದರ್ಶನ ಏರ್ಪಡುವುದಕ್ಕೆ ಇನ್ನೂರೈವತ್ತು ವರ್ಷ ಮುಂಚೆಯೇ ಕೊಂಕಣದ ಸೆಕೆಯಲ್ಲಿ ಇವು ನಾಲಗೆ ಹೊರಹಾಕಿ ತೇಕುತ್ತಿದ್ದವು. ಇಷ್ಟಾಗಿ, ಇಂದು ಲಿಫ್ಟಿನಲ್ಲಿ ಕೂತಿರುವ 'ಒರಿಜಿನಲ್' ಅವುಗಳ ಸಂತಾನವೂ ಅಲ್ಲ. 2008ರಲ್ಲಿ ಬೆಕ್ಕಿನ ತಳಿಗಳ ಜೀನುಗಳನ್ನು ಹೋಲಿಸಿದಾಗ ಇಂದಿನ ಪರ್ಷಿಯನ್ನಿನ ನಂಟು ಕಂಡದ್ದು ಪಶ್ಚಿಮ ಯೂರೋಪಿನ ಬೆಕ್ಕುಗಳ ಜೊತೆ. ಗೋಬಿ ಮಂಚೂರಿಗೂ ಮಂಚೂರಿಯಾಕ್ಕೂ ಎಷ್ಟು ನಂಟೋ ಅಷ್ಟೇ.

ಬಾಚಣಿಗೆಗೆ ಬರೋಣ.

ಅಂಗಡಿಯವರು ಕೊಡುವುದು ಸಣ್ಣ ತಂತಿಗಳ ಚಪ್ಪಟೆ ಬ್ರಷ್ಷು. ಅದನ್ನು ಆಡಿಸಿದರೆ ಮೇಲಿನ ಕೂದಲು ಜಾಹೀರಾತಿನ ಹಾಗೆ ಅರಳುತ್ತದೆ, ಬುಡದಲ್ಲಿ ಸಿಕ್ಕು ಹಾಗೇ ಬೆಳೆಯುತ್ತದೆ. ಬೇಕಾದ್ದು ಉಕ್ಕಿನ ಬಾಚಣಿಗೆ: ಅರ್ಧ ಭಾಗ ಬಿಡಿ ಹಲ್ಲು, ಅರ್ಧ ಒತ್ತು ಹಲ್ಲು, ಹಲ್ಲಿನ ಉದ್ದ ಒಂದು ಇಂಚಾದರೂ ಇರಬೇಕು, ಇಲ್ಲದಿದ್ದರೆ ಚರ್ಮದವರೆಗೆ ಮುಟ್ಟುವುದಿಲ್ಲ. ಕೆನ್ನೆಗೆ, ಗದ್ದಕ್ಕೆ, ಚಿಗಟ ಹುಡುಕುವುದಕ್ಕೆ ಅಜ್ಜಿಯ ಕಾಲದ ಸೀರಣಿಗೆಯಂಥದ್ದೇ ಒಂದು. ಊಟ ಮುಗಿದು ಕಣ್ಣು ಕೂರುವ ಹೊತ್ತು ಒಳ್ಳೆಯದು. ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಭಾನುವಾರ ಒಟ್ಟಿಗೆ ಒಂದೂವರೆ ಗಂಟೆ ಕೂತರಾಯಿತು ಎನ್ನುವವರಿಗೆ ಭಾನುವಾರ ಕೈಯ ಮೇಲೆ ಗೀರುಗಳು ಬೀಳುತ್ತವೆ, ಬೀಳಬೇಕು ಕೂಡ.

ಅದಕ್ಕೆ ಹಿತವಾದ ಜಾಗದಿಂದ ಶುರು: ಕೆನ್ನೆ, ಕತ್ತಿನ ಹಿಂಭಾಗ, ಬೆನ್ನು. ಒಂದು ಕೈಯಲ್ಲಿ ಕೂದಲನ್ನು ಮೇಲೆತ್ತಿ, ಕೆಳಗಿನ ಪದರದಿಂದ ಒಂದೊಂದೇ ಸಾಲು ಇಳಿಸುತ್ತಾ ಬಾಚಬೇಕು. ಸಿಕ್ಕಾಗುವ ಜಾಗಗಳು ನಿಗದಿ: ಕಿವಿಯ ಹಿಂದೆ, ಕಂಕುಳು, ತೊಡೆಯ ಸಂದು, ಬಾಲದ ಬುಡ. ಉದುರಿದ ಒಳಗೂದಲು ನೆಲಕ್ಕೆ ಬೀಳದೆ ಹೊರಗೂದಲಿಗೆ ತೊಡರಿಕೊಳ್ಳುತ್ತದೆ. ಅದರ ಮೇಲೆ ಜೊಲ್ಲು, ಮೈ ಜಿಡ್ಡು, ನಡೆಯುವಾಗಿನ ಉಜ್ಜಾಟ. ನಾಲ್ಕು ದಿನದಲ್ಲಿ ಗಂಟು, ಹದಿನೈದು ದಿನದಲ್ಲಿ ಜಟೆ. ಗಂಟು ಕೈಗೆ ಸಿಕ್ಕಿದರೆ ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ ಬೆರಳಲ್ಲಿ ಹಿಸುಕಿ ಎರಡು ಮೂರು ಎಳೆಯಾಗಿ ಸೀಳಬೇಕು. ಮುಖದ ಪೌಡರು ಬೇಡ, ಆ ಚಿಕ್ಕ ಮೂಗಿನೊಳಗೆ ಅದು ಹೋಗಬಾರದು. ಗಂಟಿಗೂ ಚರ್ಮಕ್ಕೂ ನಡುವೆ ಎರಡು ಬೆರಳು ಬಿಗಿಹಿಡಿದು ತುದಿಯಿಂದ ಬಿಡಿಸುತ್ತಾ ಬುಡಕ್ಕೆ ಬರಬೇಕು. ಹೆಣ್ಣುಮಕ್ಕಳ ಜಡೆ ಬಿಡಿಸಿ ಗೊತ್ತಿದ್ದವರಿಗೆ ಹೇಳಿಕೊಡಬೇಕಿಲ್ಲ. ಬುಡದಿಂದ ಎಳೆಯುವವರು ಗಂಡಸರೇ.

ಕತ್ತರಿ ಮಾತ್ರ ಹಿಡಿಯಬೇಡಿ. ಬೆಕ್ಕಿನ ಚರ್ಮ ತೆಳು, ಸಡಿಲ. ಗಂಟನ್ನು ಎತ್ತಿದಾಗ ಚರ್ಮವೂ ಡೇರೆಯ ಹಾಗೆ ಅದರೊಳಗೆ ಏರಿ ಬಂದಿರುತ್ತದೆ, ಕತ್ತರಿಗೆ ಕೂದಲು ಯಾವುದು ತೊಗಲು ಯಾವುದು ಎಂದು ತಿಳಿಯುವುದಿಲ್ಲ. ಆಮೇಲೆ ಹೊಲಿಗೆ. ಬಿಡಿಸಲಾಗದ ಜಟೆಗೆ ಮೆಷಿನ್ನೇ ಗತಿ, ಅದೂ ಕೈ ಪಳಗಿದವರಿಂದ. ಸ್ನಾನ ಮಾಡಿಸಿದರೆ ಸಡಿಲವಾಗುತ್ತದೆ ಎಂಬುದು ಇನ್ನೊಂದು ಭ್ರಮೆ. ನೀರು ಬಿದ್ದ ಗಂಟು ಒಣಗುವಾಗ ಇನ್ನೂ ಬಿಗಿಯುತ್ತದೆ. ಮೊದಲು ಬಾಚಬೇಕು, ಆಮೇಲೆ ನೀರು.

ಮುಂಬಯಿಯಲ್ಲಿ ಆ ನೀರನ್ನು ಆರಿಸುವುದೇ ದೊಡ್ಡ ಕೆಲಸ. ಜುಲೈಯಲ್ಲಿ ಒಂದು ಬನಿಯನ್ ಒಣಗಲು ಮೂರು ದಿನ ಬೇಕಾಗುವ ಮನೆಯಲ್ಲಿ ಮೂರಂಗುಲ ಕೂದಲಿನ ಪ್ರಾಣಿ ತಾನಾಗಿ ಒಣಗೀತೆ? ಟವೆಲಿನಲ್ಲಿ ಒತ್ತಿ, ಡ್ರೈಯರನ್ನು ಕಡಿಮೆ ಬಿಸಿಗೆ ಇಟ್ಟು, ಬಾಚುತ್ತಾ ಬುಡದವರೆಗೆ ಆರಿಸಬೇಕು. ಬುಡ ಒದ್ದೆ ಉಳಿದು ಗಂಟು ಕಟ್ಟಿದರೆ ಒಳಗಿನ ಚರ್ಮ ಕೆಡುತ್ತದೆ. ಹುಳುಕಡ್ಡಿಗೂ ಅಂಥ ಮೈ ಇಷ್ಟ. ಮೈಕ್ರೊಸ್ಪೋರಮ್ ಕ್ಯಾನಿಸ್ ಎಂಬ ಬೂಸ್ಟು ಅದು. ಕೂದಲುದುರಿದ ದುಂಡು ಮಚ್ಚೆ, ಸುತ್ತ ಹೊಟ್ಟು. ತುರಿಕೆ ಇರಲೇಬೇಕೆಂದಿಲ್ಲ. ಒಂದು ವಾರಕ್ಕೆ ಮನೆಯ ಮಕ್ಕಳ ತೋಳಿನ ಮೇಲೂ ಅದೇ ಉಂಗುರ. ಆಗ ಮೆಡಿಕಲ್‌ನಲ್ಲಿ ಚೀಟಿಯಿಲ್ಲದೆ ಸಿಗುವ, ಸ್ಟಿರಾಯ್ಡ್ ಬೆರೆತ ಮುಲಾಮು ಹಚ್ಚುವವರಿದ್ದಾರೆ. ಕೆಂಪು ಮಾಯವಾಗುತ್ತದೆ, ಬೂಸ್ಟು ಹರಡುತ್ತದೆ. ವೈದ್ಯರು ಹೇಳುವ, ಹೊಟ್ಟೆಗೆ ಕೊಡುವ ಔಷಧಿ, ಮೈಗೆ ಹಾಕುವ ಔಷಧಿ ಎರಡೂ ವಾರಗಟ್ಟಲೆ ನಡೆಯಬೇಕು, ಬಾಚಣಿಗೆ ಹಾಸಿಗೆಗಳನ್ನೂ ತೊಳೆಯುತ್ತಿರಬೇಕು. ಬೀಜಕಣಗಳು ತಿಂಗಳುಗಟ್ಟಲೆ ಸಾಯುವುದಿಲ್ಲ.

ಮೂತಿಯ ವಿಷಯ ಬೇಗ ಮುಗಿಸಬಹುದು. ದುಡ್ಡು ಹೆಚ್ಚು ಕೊಟ್ಟು ತಂದ ಆ ಪಂಚಿನಿಂದಾಗಿ ಕಣ್ಣೀರಿನ ನಾಳ ಒಳಗೆ ಮಡಚಿಕೊಂಡಿರುತ್ತದೆ. ಮೂಗಿಗೆ ಇಳಿಯಬೇಕಾದ ನೀರು ಕೆನ್ನೆಗೆ ಇಳಿದು ಕಂದು ಕಲೆಯಾಗುತ್ತದೆ. ಕುದಿಸಿ ಆರಿಸಿದ ನೀರು, ಕಣ್ಣಿಗೊಂದು ಬೇರೆ ಹತ್ತಿ, ದಿನಾ ಒರೆಸಬೇಕು. ತಿನ್ನಲು ಆಳವಿಲ್ಲದ ಅಗಲ ತಟ್ಟೆ. ಮೇ ತಿಂಗಳಲ್ಲಿ ಬಾಯಿ ತೆರೆದು ತೇಕಿದರೆ ಅದು ನಗುವಲ್ಲ, ತಂಪಾದ ಕೋಣೆಗೆ ಒಯ್ದು ವೈದ್ಯರಿಗೆ ಫೋನ್ ಮಾಡುವ ಹೊತ್ತು.

ಊಟದ ಮಾತೆತ್ತಿದರೆ ಮಾಟುಂಗದ ಅರ್ಧ ಜನಕ್ಕೆ ಕೋಪ. "ನಮ್ಮನೇದು ಮೊಸರನ್ನಾನೇ ತಿನ್ನುತ್ತೆ, ಶುದ್ಧ ಸಸ್ಯಾಹಾರಿ" ಎಂದು ಹೆಮ್ಮೆಯಿಂದ ಹೇಳುವವರಿಗೆ ಟಾರಿನ್ ಎಂಬ ಹೆಸರು ಹೇಳಿದರೆ ಮುಖ ಸಿಂಡರಿಸುತ್ತಾರೆ. ಅದು ಸಿಗುವುದು ಮಾಂಸ ಮೀನುಗಳಲ್ಲಿ, ಬೆಕ್ಕಿನ ಮೈ ಅದನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು. ಇಲ್ಲವಾದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಬಂಗುಡೆ ಬೇಯಿಸಿ ಮುಳ್ಳು ತೆಗೆದು ಆಗೀಗ ಕೊಡಬಹುದು, ಈರುಳ್ಳಿ ಬೆಳ್ಳುಳ್ಳಿ ಬಿದ್ದ ಸಾರಿನದ್ದು ಬೇಡ. ಹಾಲೂ ಬೇಡ, ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಅದು ಜೀರ್ಣವಾಗದೆ ಭೇದಿಯಾಗುತ್ತದೆ. ಸುಡು ಹಾಲಿಟ್ಟು ಬೆಕ್ಕಿಗೆ ಹಾಲಿನ ಭಯ ಹುಟ್ಟಿಸಿದ ತೆನಾಲಿ ರಾಮಕೃಷ್ಣ ನಾಲಗೆ ಸುಟ್ಟದ್ದು ತಪ್ಪು, ಫಲ ಮಾತ್ರ ಶಾಸ್ತ್ರೋಕ್ತ.

ಇಷ್ಟು ಖರ್ಚು ಮಾಡುವವರು ಒಂದು ಪರೀಕ್ಷೆಗೆ ಯಾಕೆ ಜಿಪುಣರಾಗುತ್ತಾರೋ. ಮೂತ್ರಪಿಂಡದಲ್ಲಿ ನೀರ್ಗುಳ್ಳೆ ಬೆಳೆಯುವ ಪಿಕೆಡಿ ಎಂಬ ಕಾಯಿಲೆ ಈ ತಳಿಯ ಮನೆತನದ ಆಸ್ತಿ. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೂ ಮರಿಗೆ ಬರುವ ಸಂಭವ ಅರ್ಧಕ್ಕರ್ಧ. ಕಾರಣವಾದ ಜೀನು 2004ರಲ್ಲೇ ಸಿಕ್ಕಿದೆ. ಮರಿ ಕೊಳ್ಳುವಾಗ ಕೇಳಬೇಕಾದ ಸರ್ಟಿಫಿಕೇಟು ಅದು. ಮಾರುವವರು ತೋರಿಸುವುದು ಮುತ್ತಜ್ಜನ ಹೆಸರಿರುವ ವಂಶವೃಕ್ಷ. ಬೆಕ್ಕು ದಿನದಿನಕ್ಕೆ ಹೆಚ್ಚು ನೀರು ಕುಡಿಯುತ್ತಾ ಇಳಿಯತೊಡಗಿದಾಗ ಮುತ್ತಜ್ಜ ಬರುವುದಿಲ್ಲ.

ಕೊನೆಯಲ್ಲಿ ಹೇಳುತ್ತೇನೆ ಎಂದದ್ದೊಂದು ಬಾಕಿ ಇತ್ತು. ಆದರೆ ಎಡ ಕಂಕುಳು ಇನ್ನೂ ಮುಟ್ಟಿಲ್ಲ, ಬಾಲ ಆಗಲೇ ನೆಲಕ್ಕೆ ಬಡಿಯುತ್ತಿದೆ. ಬಾಲ ಬಡಿದ ಮೇಲೆ ಸಿಗುವುದು ಹೆಚ್ಚೆಂದರೆ ಅರ್ಧ ನಿಮಿಷ.