ಗಾಳಿಗೊಬ್ಬರದವರ ಭತ್ತ

ಇಂಗಾಲದ ಡೈಆಕ್ಸೈಡ್ ಗಿಡಗಳ ಊಟ. ಈ ಮಾತು ಸುಳ್ಳಲ್ಲ, ಶಾಲೆಯ ಪುಸ್ತಕದಲ್ಲೇ ಇದೆ. ಆದರೆ ಕೆಲವರು ಅದೊಂದೇ ಪುಟ ಓದಿ ಪುಸ್ತಕ ಮುಚ್ಚಿಟ್ಟಿದ್ದಾರೆ. ಅವರನ್ನು ಸುಮ್ನೆ ಗಾಳಿಗೊಬ್ಬರದವರು ಅಂತ ಕರೆಯೋಣ. ಅವರ ಲೆಕ್ಕ ಬಹಳ ಸುಲಭ. ಕಲ್ಲಿದ್ದಲು ಸುಟ್ಟರೆ ಅನಿಲ ಬರುತ್ತದೆ. ಅದನ್ನು ಉಂಡು ಪೈರು ಕೊಬ್ಬುತ್ತದೆ. ಅಂದಮೇಲೆ ಹೊಗೆಕೊಳವೆ ಇಟ್ಟುಕೊಂಡವನೇ ನಿಜವಾದ ಅನ್ನದಾತ! ಕೆಸರಲ್ಲಿ ನಿಂತು ನಾಟಿ ಮಾಡುವವನು ಬರೀ ಕೈಯಾಳು.

ಕಾರ್ಖಾನೆಗಳ ಕಾಲ ಶುರುವಾಗುವ ಮೊದಲು ಗಾಳಿಯ ಪ್ರತಿ 10 ಲಕ್ಷ ಅಣುಗಳಲ್ಲಿ ಈ ಅನಿಲದ್ದು ಸುಮಾರು 280 ಇತ್ತು. ಈಗ 420 ದಾಟಿದೆ. ಉಳಿದವರು ಗಾಬರಿಯಾದರೆ ಇವರು ‘ಇನ್ನೊಂದು ಸೌಟು ಬಡಿಸಿ’ ಅನ್ನುತ್ತಾರೆ.

ಅವರ ಪರವಾಗಿಯೂ ಸಾಕ್ಷಿ ಇದೆ, ಮುಚ್ಚಿಡೋದು ಬೇಡ. ಜಪಾನ್ ಮತ್ತು ಚೀನಾದಲ್ಲಿ ಬಯಲು ಗದ್ದೆಯ ಪೈರಿನ ಸುತ್ತ ಪೈಪು ಹಾಕಿ, ಅನಿಲ ಬಿಟ್ಟು ನೋಡಿದ್ದಾರೆ. ಇಳುವರಿ ಏರಿದ್ದು ನಿಜ. ಗಾಳಿಗೊಬ್ಬರದವರು ಅಷ್ಟಕ್ಕೇ ಚಪ್ಪಾಳೆ ತಟ್ಟಿ ಎದ್ದು ಹೋದರು. ಅಂಥ ಗದ್ದೆಗಳ ಅಕ್ಕಿಯನ್ನು ಲ್ಯಾಬಿಗೆ ಒಯ್ದಾಗ ಅವರು ಅಲ್ಲಿರಲಿಲ್ಲ. 2018ರಲ್ಲಿ ಫಲಿತಾಂಶ ಹೊರಬಂತು. ಪರೀಕ್ಷೆಗೆ ಕೂತಿದ್ದು 18 ತಳಿಗಳು. ಅನಿಲದ ಮಟ್ಟ 568ರಿಂದ 590, ಅಂದರೆ ಹೀಗೇ ಬಡಿಸುತ್ತಾ ಹೋದರೆ ಈ ಶತಮಾನ ಮುಗಿಯುವಷ್ಟರಲ್ಲಿ ನಾವು ಮುಟ್ಟಬಹುದಾದ ಮಟ್ಟ. ಪ್ರೋಟೀನ್ ಸರಾಸರಿ ಶೇ. 10ರಷ್ಟು ಇಳಿದಿತ್ತು. ಕಬ್ಬಿಣ ಶೇ. 8, ಸತು ಶೇ. 5. ಕೆಲವು ತಳಿಗಳಲ್ಲಿ ವಿಟಮಿನ್‌ಗಳನ್ನೂ ಅಳೆದರು. ಬಿ1 ಮತ್ತು ಬಿ2 ತಲಾ ಶೇ. 17ರಷ್ಟು ಕಮ್ಮಿ, ಫೋಲೇಟ್ ಅನ್ನೋ ಇನ್ನೊಂದು ಬಿ ವಿಟಮಿನ್ ಶೇ. 30. ವಿಟಮಿನ್ ಇ ಮಾತ್ರ ಏರಿತ್ತು. ನಾಳೆ ಅದೊಂದನ್ನೇ ಬ್ಯಾನರ್ ಮಾಡಿಸಿ ಹಾಕುತ್ತಾರೆ, ಬರೆದಿಟ್ಟುಕೊಳ್ಳಿ.

ಮೂಟೆ ದಪ್ಪ, ಅಕ್ಕಿ ಬಡಕಲು. ಜಗತ್ತಿನ ಅರ್ಧಕ್ಕಿಂತ ಜಾಸ್ತಿ ಜನ ಅನ್ನವನ್ನೇ ನಂಬಿದ್ದಾರೆ. ಅವರಲ್ಲೂ ಅನ್ನದ ಜೊತೆ ಕಲಸಿಕೊಳ್ಳಲು ಹೆಚ್ಚೇನೂ ಇಲ್ಲದವರಿಗೇ ಈ ಏಟು. ಹಣ್ಣು, ಮೊಟ್ಟೆ, ಬಾದಾಮಿ ತಿನ್ನುವವರಿಗೆ ಇದು ಗೊತ್ತೂ ಆಗಲ್ಲ. ಗಾಳಿಗೊಬ್ಬರದವರು ಯಾವ ಸಾಲಿನಲ್ಲಿ ಕೂತಿದ್ದಾರೆ ಅಂತ ಕೇಳಬೇಡಿ.

ಇಷ್ಟೂ ಬರೀ ಊಟದ ಕಥೆ. ಈ ಗೊಬ್ಬರದ ಜೊತೆ ಕರೆಯದೆ ಬರುವ ಇನ್ನೊಂದಿದೆ. ಅದು ಬಿಸಿ. ಚೀಲದ ಮೇಲೆ ಅದರ ಹೆಸರೇ ಇಲ್ಲ. ಭತ್ತದ ಹೂವು ಬೆಳಗಿನ ಹೊತ್ತು ಸ್ವಲ್ಪ ಸಮಯ ಮಾತ್ರ ಬಾಯಿ ತೆರೆಯುತ್ತದೆ. ಆಗ ಬಿಸಿ 35 ಡಿಗ್ರಿ ದಾಟಿದರೆ ಪರಾಗ ಕೆಡುತ್ತದೆ, ಕಾಳು ಕಟ್ಟಲ್ಲ. ಕಾಳು ತುಂಬಿದ ತೆನೆ ತಲೆ ಬಾಗಿಸುತ್ತದೆ. ಜೊಳ್ಳು ತೆನೆ ನೆಟ್ಟಗೆ ನಿಂತಿರುತ್ತದೆ, ಥೇಟ್ ಭಾಷಣಕ್ಕೆ ನಿಂತವರ ಹಾಗೆ.

ಇಲ್ಲೊಂದು ತಮಾಷೆ ಇದೆ. ಅನಿಲ ಜಾಸ್ತಿಯಾದಾಗ ಎಲೆ ತನ್ನ ಸಣ್ಣ ರಂಧ್ರಗಳನ್ನು ಅಷ್ಟಿಷ್ಟು ಮುಚ್ಚಿಕೊಳ್ಳುತ್ತದೆ. ನೀರು ಉಳಿಯಿತಲ್ಲ ಅಂತ ಖುಷಿಪಡುವಷ್ಟರಲ್ಲಿ ಪೈರಿನ ಬೆವರು ಕಮ್ಮಿಯಾಗಿ ಮೈ ಇನ್ನಷ್ಟು ಕಾಯುತ್ತದೆ. ಊಟಕ್ಕೆ ಕರೆದವನೇ ಫ್ಯಾನ್ ಆಫ್ ಮಾಡಿದ ಹಾಗೆ ಅಲ್ವಾ?

ರಾತ್ರಿಯಾದರೂ ತಂಪಾಗಿರಬೇಕಿತ್ತು. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಗದ್ದೆಗಳ ಲೆಕ್ಕ 2004ರಲ್ಲಿ ಪ್ರಕಟವಾಯಿತು. ಅಲ್ಲಿನ ಬೇಸಿಗೆ ಬೆಳೆಯಲ್ಲಿ ರಾತ್ರಿಯ ಕನಿಷ್ಠ ತಾಪ 1 ಡಿಗ್ರಿ ಏರಿದರೆ ಇಳುವರಿ ಶೇ. 10ರಷ್ಟು ಇಳಿಯುತ್ತಿತ್ತು. ಪೈರು ಹಗಲೆಲ್ಲ ದುಡಿದು ಸಕ್ಕರೆ ಕೂಡಿಡುತ್ತದೆ. ಸೆಕೆಯ ರಾತ್ರಿಯಲ್ಲಿ ಬರೀ ಉಸಿರಾಡಿಯೇ ಅದರಲ್ಲಿ ಜಾಸ್ತಿ ಪಾಲು ಕಳೆದುಕೊಳ್ಳುತ್ತದೆ. ಸೆಕೆಯಲ್ಲೂ ಹೇಗೋ ಕಟ್ಟಿದ ಕಾಳಿನ ಹೊಟ್ಟೆಯಲ್ಲಿ ಸುಣ್ಣದಂಥ ಬಿಳಿ. ಗಿರಣಿಗೆ ಹಾಕಿದರೆ ನುಚ್ಚು.

ನೀರು ನಿಂತ ಗದ್ದೆಯಿಂದ ಮೀಥೇನ್ ಅನ್ನೋ ಇನ್ನೊಂದು ಅನಿಲ ಏಳುತ್ತದೆ, ಅದೂ ಭೂಮಿಯನ್ನು ಕಾಯಿಸುತ್ತದೆ. ಇಂಗಾಲದ ಡೈಆಕ್ಸೈಡ್ ಹೆಚ್ಚಾದಷ್ಟೂ ಗದ್ದೆಯ ಮೀಥೇನ್ ಕೂಡ ಹೆಚ್ಚುತ್ತದೆ. ಇದನ್ನು ಗಾಳಿಗೊಬ್ಬರದವರಿಗೆ ಮಾತ್ರ ಹೇಳಬೇಡಿ. ತಪ್ಪೆಲ್ಲ ಭತ್ತದ್ದೇ ಅಂದುಬಿಡುತ್ತಾರೆ.

ವಿಜ್ಞಾನಿಗಳು ಪಾಪ, ಕೈಕಟ್ಟಿ ಕೂತಿಲ್ಲ. ಕಾಡುಭತ್ತದ ಗುಣ ತಂದು, ಬಿಸಿ ಏರುವ ಮೊದಲೇ ಹೂ ಬಿಡುವ ತಳಿ ಮಾಡುತ್ತಿದ್ದಾರೆ. ಅಂದರೆ ಭತ್ತ ಇನ್ಮೇಲೆ ನಸುಕಿನಲ್ಲೇ ಏಳಬೇಕು. ಅದು ಒಪ್ಪಿಕೊಂಡಿದೆ. ರಾತ್ರಿ ಸೆಕೆಗೆ ಏನು ಮಾಡೋದು ಅಂತ ಒಬ್ಬ ಗಾಳಿಗೊಬ್ಬರದವರನ್ನು ಕೇಳಿದೆ. ‘ಯಾವ ಸೆಕೆ?’ ಅಂದರು. ಆಮೇಲೆ ರಿಮೋಟ್ ಹುಡುಕಿ ಎಸಿಯನ್ನು ಇನ್ನೆರಡು ಡಿಗ್ರಿ ಇಳಿಸಿದರು.