ಏಳನೆಯ ಹಾಡು

ಹಾಡು ನಿಲ್ಲಬೇಕಾದ ಜಾಗದಲ್ಲಿ ನಿಲ್ಲಲಿಲ್ಲ. ಆಷಾಢದ ಸಂಜೆ, ಹೆಂಚಿನ ಮೇಲೆ ಒಂದೇ ಸಮನೆ ಮಳೆ ಬೀಳುತ್ತಿತ್ತು. ನಾನು ಬರೆಯುತ್ತಿದ್ದ ಪ್ರೇಮಕಥೆಯ ನಾಯಕ ಕೊನೆಯ ಪುಟದಲ್ಲಿ ಸಾಗರದ ಬಸ್‌ ನಿಲ್ದಾಣದಲ್ಲಿ ಒಬ್ಬನೇ ನಿಂತಿದ್ದ. ಅವನ ದುಃಖಕ್ಕೆ ಸ್ವಲ್ಪ ಹದ ಬರಲೆಂದು ಮೊಬೈಲಿನಲ್ಲಿ ಆ ಹಳೆಯ ಹಾಡನ್ನು ಹುಡುಕಿ ಹಾಕಿದೆ. ಪಲ್ಲವಿಯಾಯಿತು, ಮೊದಲ ಚರಣವಾಯಿತು, ಕೊಳಲು ಬಂದು ಹೋಯಿತು, ಎರಡನೆಯ ಚರಣದಲ್ಲಿ ಗಾಯಕ ಒಂದು ಸಾಲು ಹಾಡಿ ಮುಂದಿನ ಸಾಲಿನ ಮೊದಲ ಪದವನ್ನು ಎತ್ತಿಕೊಂಡ. ಮೂವತ್ತೈದು ವರ್ಷಗಳಿಂದ ನನ್ನ ಪಾಲಿಗೆ ಆ ಹಾಡು ಮುಗಿಯುವುದೇ ಅಲ್ಲಿ, ಆ ಪದದ ನಡುವಿನಲ್ಲಿ, ದುಃಖದಿಂದ ಗಂಟಲು ಕಟ್ಟಿದವನಂತೆ. ಮೊಬೈಲಿಗೆ ಈ ಸಂಪ್ರದಾಯ ಗೊತ್ತಿರಲಿಲ್ಲ. ಗಾಯಕ ಪದವನ್ನು ಮುಗಿಸಿದ, ಸಾಲನ್ನೂ ಮುಗಿಸಿದ, ಅಷ್ಟರಲ್ಲಿ ಎಲ್ಲಿಂದಲೋ ಒಬ್ಬ ಗಾಯಕಿ ನಗುತ್ತಾ ಬಂದು, ಇಷ್ಟು ಹೊತ್ತು ಮರೆಯಲ್ಲಿ ನಿಂತು ಆಟವಾಡಿಸುತ್ತಿದ್ದೆನೆಂದು ಅವನಿಗೆ ಹೇಳಿ, ಉಳಿದ ಚರಣವನ್ನು ತಾನೇ ಹಾಡಿದಳು. ವಿರಹಗೀತೆಯೆಂದು ನಾನು ನಂಬಿಕೊಂಡು ಬಂದಿದ್ದ ಹಾಡು ಯುಗಳಗೀತೆಯಾಗಿತ್ತು.

ಅದು ಯಾವ ಹಾಡೆಂದು ಹೇಳುವುದಿಲ್ಲ. ಹೇಳಿದರೆ, ಅದರಲ್ಲಿ ಹೆಣ್ಣುದನಿಯೂ ಇರುವುದು ತಮಗೆ ಮೊದಲಿನಿಂದಲೂ ಗೊತ್ತಿತ್ತೆಂದು ತಿಳಿಸುವವರು ಬಹಳ ಮಂದಿ ಹುಟ್ಟಿಕೊಳ್ಳುತ್ತಾರೆ.

ಕಥೆ ನನ್ನ ಬಯಕೆಯಿಂದ ಹುಟ್ಟಿದ್ದಲ್ಲ. ವಿಶೇಷಾಂಕವೊಂದರವರು ಫೋನು ಮಾಡಿ, ಹಳೆಯ ಚಿತ್ರಗೀತೆಗಳ ನೆನಪಿನಲ್ಲಿ ಅದ್ದಿದ ಒಂದು ಎಳೆಯ ಪ್ರೇಮಕಥೆ ಬೇಕು, ಮಲೆನಾಡಿನದಾದರೆ ಇನ್ನೂ ಒಳ್ಳೆಯದು, ಮಳೆ ಇರಲಿ, ಕ್ಯಾಸೆಟ್ಟು ಇರಲೇಬೇಕು ಎಂದರು. ನಾನು ಒಪ್ಪಿಕೊಂಡೆ, ಆದರೆ ‘ಆ ಪೆನ್ಸಿಲ್ ವಿಷಯವೂ ಬರಲಿ’ ಎಂದು ಅವರು ಸೇರಿಸಿದ್ದು ಇನ್ನೂ ಮನಸ್ಸಿನಲ್ಲಿ ಕುಟುಕುತ್ತಿದೆ. ಕ್ಯಾಸೆಟ್ಟಿನ ಪಕ್ಕದಲ್ಲೊಂದು ಪೆನ್ಸಿಲ್ಲನ್ನಿಟ್ಟು ಚಿತ್ರ ತೆಗೆದು, ಇವೆರಡಕ್ಕೆ ಏನು ಸಂಬಂಧವೆಂದು ಊರವರನ್ನೆಲ್ಲ ಕೇಳುವವರನ್ನು ನಾನು ಕ್ಷಮಿಸಿಲ್ಲ, ಮುಂದೆ ಕ್ಷಮಿಸುವ ಲಕ್ಷಣವೂ ಇಲ್ಲ. ಪೆನ್ಸಿಲ್ಲು ಚೆಂದಕ್ಕಿರಲಿಲ್ಲ. ಟೇಪನ್ನು ಮೋಟಾರಿನಿಂದ ಹಿಂದಕ್ಕೆ ಸುತ್ತಿಸಿದರೆ ಸೆಲ್ಲು ಬೇಗ ಸಾಯುತ್ತಿತ್ತು, ಹೊಸ ಸೆಲ್ಲಿಗೆ ದುಡ್ಡಿರುತ್ತಿರಲಿಲ್ಲ. ಆದ್ದರಿಂದ ಕ್ಯಾಸೆಟ್ಟಿನ ತೂತಿಗೆ ಪೆನ್ಸಿಲ್ಲು ತೂರಿಸಿ ಕೈಯಲ್ಲಿ ಸುತ್ತುತ್ತಿದ್ದೆವು. ನೆನಪಿನ ವ್ಯಾಪಾರಿಗಳು ಬಡತನವನ್ನು ಅಂಚಿನಲ್ಲೇ ಕತ್ತರಿಸಿ ಎಸೆದು ಉಳಿದ ಚಿತ್ರಕ್ಕೆ ಚೌಕಟ್ಟು ಹಾಕುತ್ತಾರೆ.

ಹಾಡು ಅರ್ಧಕ್ಕೇ ನಿಂತ ಕಾರಣವನ್ನು ಹೇಳಬೇಕಾದರೆ ಸಾಗರ ಪೇಟೆಯ ಒಂದು ರೆಕಾರ್ಡಿಂಗ್ ಅಂಗಡಿಗೆ ಹೋಗಬೇಕು. ಆಗ ನಾನು ಪದವಿ ತರಗತಿಯಲ್ಲಿದ್ದೆ. 1987ರಲ್ಲಿ ‘ಪ್ರೇಮಲೋಕ’ ಬಂದು, ಹುಡುಗ ಹುಡುಗಿ ಮಾತನಾಡಿಕೊಂಡಂತೆಯೇ ಹಾಡಬಹುದೆಂದು ಹಂಸಲೇಖ ಅವರು ತೋರಿಸಿಕೊಟ್ಟ ಮೇಲೆ, ನಮ್ಮ ಬಸ್ಸುಗಳಲ್ಲಿ ಬೇರೆ ಹಾಡೇ ಕೇಳದ ಕಾಲ. ಆ ಗಲಾಟೆಯ ನಡುವೆ ತಾನು ಹಳೆಯ, ಗಂಭೀರ ಅಭಿರುಚಿಯವನೆಂದು ತೋರಿಸಿಕೊಳ್ಳುವ ಚಪಲ ನನಗೆ. ಮೊದಲಿನ ಚಿತ್ರಗಳ ಹಾಡುಗಳನ್ನು ಆರಿಸಿ, ನೋಟ್‌ಬುಕ್ಕಿನ ಹಾಳೆಯಲ್ಲಿ ಒಂದು ಮಗ್ಗುಲಿಗೆ ಏಳರಂತೆ ಹದಿನಾಲ್ಕನ್ನು ಬರೆದುಕೊಂಡು, 60 ನಿಮಿಷದ ಖಾಲಿ ಕ್ಯಾಸೆಟ್ಟಿನೊಂದಿಗೆ ಅಂಗಡಿಯಾತನ ಮುಂದಿಟ್ಟೆ. ಆತ ಪಟ್ಟಿಯನ್ನು ವೈದ್ಯರು ಔಷಧಿ ಚೀಟಿಯನ್ನು ನೋಡುವಂತೆ ನೋಡಿ, ಕೆಂಪು ಶಾಯಿಯಲ್ಲಿ ಒಂದೊಂದರ ಪಕ್ಕದಲ್ಲೂ ನಿಮಿಷ ಬರೆದು, ಕೂಡಿಸಿ, ತಲೆಯಲ್ಲಾಡಿಸಿದ. ಒಂದು ಮಗ್ಗುಲೆಂದರೆ ಮೂವತ್ತೇ ನಿಮಿಷ. ನಾಲ್ಕೂವರೆ ನಿಮಿಷದ ಹಾಡಾದರೆ ಆರಕ್ಕೆ ಇಪ್ಪತ್ತೇಳು ನಿಮಿಷ ಹೋಗುತ್ತದೆ. ಉಳಿದ ಮೂರು ನಿಮಿಷದಲ್ಲಿ ಏಳನೆಯದು ಹಿಡಿಸುವುದಿಲ್ಲ. ‘ಹಾಗಾದರೆ ಏಳನೆಯದು ಬೇಡ’ ಎಂದೆ. ಆತನಿಗೆ ನಿಜವಾಗಿಯೂ ಸಿಟ್ಟು ಬಂತು. ‘ಹಿಡಿದಷ್ಟು ಹಿಡೀಲಿ ಮಾರಾಯ್ರೆ, ದುಡ್ಡು ಕೊಟ್ಟ ಟೇಪು ಖಾಲಿ ಓಡ್ಬಾರ್ದು’ ಎಂದ. ಹೊಲಿಗೆಯವನು ಉಳಿದ ಬಟ್ಟೆಯಲ್ಲಿ ಕರವಸ್ತ್ರ ಹೊಲಿದುಕೊಡುವಂಥ ಪ್ರಾಮಾಣಿಕತೆ ಅದು; ಅದರೊಂದಿಗೆ ವಾದಿಸಲಾಗಲಿಲ್ಲ. ಹೀಗಾಗಿ ಮೊದಲ ಮಗ್ಗುಲಿನ ಏಳನೆಯ ಹಾಡು ಹಿಡಿದಷ್ಟು ಹಿಡಿಯಿತು. ಪದದ ನಡುವೆ ದನಿ ಕಡಿದು, ಕಾಂತಲೇಪವಿಲ್ಲದ ಟೇಪಿನ ತುದಿ ಒಂದೆರಡು ಉಸಿರಿನಷ್ಟು ಹೊತ್ತು ಮೌನವಾಗಿ ಓಡಿ, ಗುಂಡಿ ‘ಟಕ್’ ಎಂದು ಮೇಲಕ್ಕೆ ಬರುತ್ತಿತ್ತು. ಆ ಮೌನವೂ ಆ ಸದ್ದೂ ಸಂಗೀತ ನಿರ್ದೇಶಕರು ಹಾಕಿಕೊಟ್ಟಂತೆಯೇ ನನಗೆ ಕೇಳುತ್ತಿದ್ದವು.

ಆ ವರ್ಷ ಅಡಿಕೆ ಸುಲಿಯುವ ರಾತ್ರಿಗಳೆಲ್ಲ ಆ ಕ್ಯಾಸೆಟ್ಟಿನವು. ಅಡಿಕೆಗೊನೆಯ ಕೊಯ್ಲು ಶುರುವಾಗಿ, ಜಗುಲಿಯಲ್ಲಿ ಮೆಟ್ಟುಗತ್ತಿಗಳ ಸಾಲು ಕುಳಿತರೆ ನಡುರಾತ್ರಿಯವರೆಗೂ ಕೆಲಸ. ಮೂಲೆಯ ಕಂಬದ ಬುಡದಲ್ಲಿ ನನ್ನ ಟೇಪ್‌ರೆಕಾರ್ಡರು. ಕರೆಂಟು ಇತ್ತು, ಬಲ್ಬಿನೊಳಗಿನ ತಂತಿ ಕೆಂಪಗಾಗುವಷ್ಟು ಮಾತ್ರ ಇತ್ತು. ಆದ್ದರಿಂದ ನಾಲ್ಕು ದಪ್ಪ ಸೆಲ್ಲುಗಳೇ ಗತಿ. ಅವು ಸೋಲುತ್ತಾ ಬಂದಂತೆ ಗಾಯಕಿಯ ದನಿ ಗಾಯಕನದಾಗಿ, ಗಾಯಕನ ದನಿ ಯಕ್ಷಗಾನದ ಬಣ್ಣದ ವೇಷದ ಅಟ್ಟಹಾಸವಾಗುತ್ತಿತ್ತು. ಆಗ ಸೆಲ್ಲುಗಳನ್ನು ತೆಗೆದು ಅಡಿಕೆ ಬೇಯಿಸುವ ಒಲೆಯ ಕಟ್ಟೆಯ ಮೇಲೆ, ತೀರ ಹತ್ತಿರವೂ ಅಲ್ಲದಂತೆ ದೂರವೂ ಅಲ್ಲದಂತೆ ಸಾಲಾಗಿ ಮಲಗಿಸಿದರೆ, ಬಿಸಿಯಾಗಿ ಇನ್ನೆರಡು ಹಾಡಿಗೆ ಜೀವ ಹಿಡಿಯುತ್ತಿದ್ದವು. ಚೊಗರಿನ ಹಂಡೆಯ ಪಕ್ಕದಲ್ಲಿ ಸೆಲ್ಲು ಕಾಯುತ್ತ ಕುಳಿತದ್ದೇ ನನ್ನ ಯೌವನದ ಬಹುಭಾಗ ಎಂದರೆ ಕಥೆಗಾರನಿಗೆ ಶೋಭಿಸುವುದಿಲ್ಲ, ಆದರೆ ಸತ್ಯ.

ಅಪ್ಪನಿಗೆ ಹಾಡುಗಳ ವಿಷಯದಲ್ಲಿ ಒಂದೇ ಮಾನದಂಡವಿತ್ತು. ‘ಅಳೋ ಹಾಡು ಹಾಕಿದ್ರೆ ಅಡಿಕೆ ಮುಂದೆ ಹೋಗೋದಿಲ್ಲ’ ಎಂಬುದು ಅವರ ಸಿದ್ಧಾಂತ. ಡಬ್ಬದ ಲೆಕ್ಕದಲ್ಲಿ ಸುಲಿಯುವವರಿಗೂ ಅದು ಒಪ್ಪಿಗೆಯೇ ಆಗಿತ್ತು, ಅವರಲ್ಲಿ ಎಲ್ಲರಿಗಿಂತ ಹಿರಿಯಳಾದ ಒಬ್ಬಳ ಹೊರತು. ಅವಳು ಹಾಡನ್ನು ಯಕ್ಷಗಾನದ ಪ್ರಸಂಗದಂತೆ ಕೇಳುತ್ತಿದ್ದಳು. ಮೊದಲ ರಾತ್ರಿ ಗುಂಡಿ ‘ಟಕ್’ ಎಂದ ಕೂಡಲೇ ಕೈ ನಿಲ್ಲಿಸಿ, ‘ಆ ಹುಡುಗಿ ಬಂದ್ಲೋ ಇಲ್ಲೋ ತಮ್ಮಾ?’ ಎಂದು ಕೇಳಿದಳು. ಸಾಹಿತ್ಯದ ವಿದ್ಯಾರ್ಥಿಯಾದ ನಾನು, ಬರಲಿಲ್ಲ, ಬರುವುದಿಲ್ಲ, ಅದಕ್ಕೇ ಅವನ ದನಿ ಕಡಿದುಹೋಯಿತು ಎಂದು ವಿವರಿಸಿದೆ. ಅವಳು ಒಪ್ಪಲಿಲ್ಲ. ‘ಬಂದೇ ಬರ್ತಾಳೆ, ರಾಗ ಕೇಳಿದ್ರೆ ಗೊತ್ತಾಗೋದಿಲ್ವಾ’ ಎಂದಳು. ರಸ, ಭಾವ, ದುರಂತದ ಘನತೆ ಎಂದು ಆ ವರ್ಷ ತರಗತಿಯಲ್ಲಿ ಕೇಳಿದ್ದನ್ನೆಲ್ಲ ಅಡಿಕೆ ಸಿಪ್ಪೆಯ ರಾಶಿಯ ಮುಂದೆ ಸುರಿದೆ. ಅವಳು ಎಲೆಯಡಿಕೆ ಹಾಕಿಕೊಂಡು, ಮಾರನೆಯ ರಾತ್ರಿ ಮತ್ತೆ ಅದೇ ಜಾಗದಲ್ಲಿ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ಸುಗ್ಗಿ ಮುಗಿಯುವವರೆಗೂ ಹೀಗೇ ನಡೆಯಿತು.

ಮಳೆಗಾಲ ಬಂದಿತು. ನಮ್ಮ ಮಳೆಗೆ ಚರ್ಮದ ಚಪ್ಪಲಿಯಿಂದ ಹಿಡಿದು ದೇವರ ಪಟದವರೆಗೆ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ, ಟೇಪಿಗೂ ಹಿಡಿಯಿತು. ಬಚ್ಚಲೊಲೆಯ ಮೇಲಿಟ್ಟು ಒಣಗಿಸಲು ಹೋದದ್ದರಿಂದ ಕ್ಯಾಸೆಟ್ಟಿನ ಒಂದು ಮೂಲೆ ಸೊಟ್ಟಗಾಯಿತು. ಕಾರ್ತಿಕದಲ್ಲಿ ಭತ್ತ ತೆನೆಗೂಡಿ ಗಿಳಿಗಳ ಕಾಟ ಹೆಚ್ಚಾದಾಗ ಅಪ್ಪ ಅದನ್ನು ಬಿಚ್ಚಿ, ಟೇಪನ್ನು ಎಳೆದು, ಗದ್ದೆಯ ಮೇಲೆ ಗೂಟದಿಂದ ಗೂಟಕ್ಕೆ ಕಟ್ಟಿದರು. 60 ನಿಮಿಷದ ಕ್ಯಾಸೆಟ್ಟಿನಲ್ಲಿ ಸುಮಾರು 90 ಮೀಟರ್ ಟೇಪು ಇರುತ್ತದೆ. ಒಂಬತ್ತು ಅಡಿಗೊಂದರಂತೆ ನೆಟ್ಟ ಅಡಿಕೆ ಮರಗಳ ಲೆಕ್ಕದಲ್ಲಿ ಮೂವತ್ತು ಮರ ದಾಟುವ ಉದ್ದ. ಗಾಳಿ ಬೀಸಿದರೆ ಅದು ಬಿಸಿಲಿಗೆ ಮಿಂಚುತ್ತ ಗುಂಯ್‌ಗುಡುತ್ತಿತ್ತು, ಗಿಳಿಗಳು ಹೆದರಿ ಪಕ್ಕದ ಗದ್ದೆಗೆ ಹೋಗುತ್ತಿದ್ದವು. ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡಬೇಕಾದ ಹಾಡುಗಳು ನಿಂತಲ್ಲೇ ನಿಂತು ಗದ್ದೆ ಕಾದವು. ಇಷ್ಟು ಪ್ರಯೋಜನ ನನ್ನ ಯಾವ ಕಥೆಯಿಂದಲೂ ಯಾರಿಗೂ ಆಗಿಲ್ಲ.

ಆ ಹಾಡನ್ನು ಆಮೇಲೆ ರೇಡಿಯೋದಲ್ಲಿ ಕೇಳಲಿಲ್ಲವೇ ಎಂದು ಕೇಳಬಹುದು. ಭದ್ರಾವತಿ ಆಕಾಶವಾಣಿ 1965ರಿಂದಲೂ ನಮ್ಮ ಕಡೆಯ ಮನೆಗಳನ್ನು ಎಬ್ಬಿಸುತ್ತಿದೆ ಮಲಗಿಸುತ್ತಿದೆ, ನಿಜ. ಆದರೆ ಅದು ಬಹಳ ಕೋರಿಕೆ ಬರುವ ಹಾಡಾಗಿರಲಿಲ್ಲ. ಅಪರೂಪಕ್ಕೊಮ್ಮೆ ಬಂದರೂ, ಪಲ್ಲವಿ ಕೇಳುತ್ತಿದ್ದಂತೆ ನಾನೇ ಎದ್ದು ಹೋಗಿ ಆರಿಸುತ್ತಿದ್ದೆ. ನೋವನ್ನು ಅಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದೆ.

ಯಾವ ನೋವು ಎಂಬುದು ಕಥೆ ಬರೆಯಲು ಕುಳಿತಾಗಲೇ ಎದ್ದ ಪ್ರಶ್ನೆ. ಹಾಡುಗಳನ್ನು ಒಂದೊಂದಾಗಿ ತೆಗೆದು ಪಕ್ಕಕ್ಕಿಟ್ಟು ನೋಡಿದರೆ, ನನ್ನ ಪ್ರೇಮಪ್ರಕರಣದಲ್ಲಿ ಉಳಿಯುವುದು ಸಾಗರಕ್ಕೆ ಹೋಗುವ ಬೆಳಗಿನ ಬಸ್ಸು, ಜುಲೈ ತಿಂಗಳ ಒಂದು ದಿನ, ಮುಂದಿನ ಸೀಟಿನ ಒಬ್ಬ ಹುಡುಗಿ ಮತ್ತು ಒಂದೇ ಮಾತು. ಇರಚಲು ಬೀಳುತ್ತಿತ್ತು. ಅವಳು ತಿರುಗಿ, ‘ಸ್ವಲ್ಪ ಕಿಟಕಿ ಹಾಕ್ತೀರಾ?’ ಎಂದಳು. ನಾನು ಎದ್ದು ಎಳೆದೆ. ತುಕ್ಕು ಹಿಡಿದ ಶಟರು ಅಲುಗಲಿಲ್ಲ. ಎರಡೂ ಕೈಯಲ್ಲಿ ನೇತುಬಿದ್ದೆ. ಅವಳು ಎರಡು ನಿಲ್ದಾಣಗಳವರೆಗೆ ತಾಳ್ಮೆಯಿಂದ ನೆನೆದು, ಆಮೇಲೆ ಬೇರೆ ಸೀಟಿಗೆ ಹೋದಳು. ಇಷ್ಟೇ. ಇಷ್ಟರ ಮೇಲೆ ಏಳು ಹಾಡಿನಷ್ಟು, ಅಂದರೆ ಆರೂ ಮುಕ್ಕಾಲು ಹಾಡಿನಷ್ಟು, ಪ್ರೇಮವನ್ನು ಕಟ್ಟಿದವನು ನಾನು. ಸಿನಿಮಾ ಹಾಡುಗಳನ್ನು ದೂರಿ ಪ್ರಯೋಜನವಿಲ್ಲ. ನಮ್ಮ ಕಡೆ ಬೇರೆ ಸಾಮಗ್ರಿಯಾದರೂ ಎಲ್ಲಿತ್ತು? 1978ರಲ್ಲಿ ನಿಸಾರ್ ಅಹಮದರ ಗೀತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ಟು ಬಂದ ಮೇಲೆ ಭಾವಗೀತೆಗಳು ಜಗುಲಿಗೆ ಬಂದವು. ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿದ ಶಿವಮೊಗ್ಗ ಸುಬ್ಬಣ್ಣನವರು ಹಾಡಿದರೆ ಮನೆಯವರೇ ಹಾಡಿದಂತೆ ಕೇಳುತ್ತಿದ್ದೆವು. ಆದರೆ ಪ್ರೇಮಕವಿಯೆಂದು ಎಲ್ಲರೂ ಬೆರಳು ತೋರಿಸುತ್ತಿದ್ದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಿಂದಲೂ ಹಾಡುತ್ತಿರುವುದು ಹೆಚ್ಚಾಗಿ ಕಟ್ಟಿಕೊಂಡ ಹೆಂಡತಿಯನ್ನು, ಅವಳ ತವರನ್ನು, ತವರಿಗೆ ಹೋಗಿ ಬರುವುದನ್ನು. ಬಸ್ಸಿನ ಕಿಟಕಿ ಹಾಕಲೂ ಬಾರದ ಹತ್ತೊಂಬತ್ತರ ಹುಡುಗನಿಗೆ ಮಾವನ ಮನೆ ಎಲ್ಲಿಂದ ಬರಬೇಕು?

ಹಾಡುಗಳಾದರೂ ನಂಬಿಗಸ್ತವಲ್ಲ. ಕಥೆಯ ಮಧ್ಯಭಾಗದಲ್ಲಿ, ನಾಯಕಿ ಜೋಗದ ಮಂಜಿನಲ್ಲಿ ಮರೆಯಾಗುವ ಕಡೆ, 1983ರ ‘ಪಲ್ಲವಿ ಅನುಪಲ್ಲವಿ’ಗೆ ಇಳಯರಾಜ ಅವರು ಕೊಟ್ಟ ಆ ಪ್ರಸಿದ್ಧ ವಾದ್ಯಸಂಗೀತ ಹಿನ್ನೆಲೆಯಲ್ಲಿ ಕೇಳಿಸಬೇಕೆಂದು ಬರೆದಿದ್ದೆ. ರಜೆಗೆ ಬಂದಿದ್ದ ತಂಗಿಯ ಮಗಳಿಗೆ ಅದನ್ನು ಓದಿ, ರಾಗವನ್ನೂ ಗುನುಗಿ ತೋರಿಸಿದೆ. ‘ಇದು ಫೋನ್ ಕಂಪನಿಯ ಜಾಹೀರಾತಿನದಲ್ಲವಾ ಮಾವ?’ ಎಂದಳು. ಅವಳ ತಪ್ಪಲ್ಲ, ಆ ರಾಗ ನಿಜಕ್ಕೂ ಜಾಹೀರಾತಿಗೆ ಹೋಗಿ ಬಂದಿದೆ. ಆದರೆ ಅಂದಿನಿಂದ ನನ್ನ ನಾಯಕಿ ಮಂಜಿನಲ್ಲಿ ಮರೆಯಾಗುವುದು ನೆಟ್‌ವರ್ಕ್ ಸಿಗದೆ ಎಂದು ಕಾಣತೊಡಗಿದೆ. ಆ ಪುಟವನ್ನು ಹರಿದೆ. ಅವಳು ಸಮಾಧಾನ ಹೇಳಲು ಬಂದು, ಕ್ಯಾಸೆಟ್ಟಿನ ಕಥೆಯಾದ್ದರಿಂದ ಒಂದು ಪೆನ್ಸಿಲ್ಲನ್ನು ಸೇರಿಸಬಹುದಲ್ಲ ಎಂದಳು. ನಾನು ಎರಡು ದಿನ ಅವಳೊಂದಿಗೆ ಮಾತನಾಡಲಿಲ್ಲ.

ಈಗ ಇರುವ ತೊಡಕು ಇದು. ಹಾಡಿನ ಹುಡುಗಿ ಎರಡನೆಯ ಚರಣದಲ್ಲಿ ಬಂದಿದ್ದಾಳೆ. ಅವಳು ಬಂದಮೇಲೆ ನನ್ನ ನಾಯಕನನ್ನು ಸಾಗರದ ನಿಲ್ದಾಣದಲ್ಲಿ ಹಾಗೆಯೇ ನಿಲ್ಲಿಸಿಟ್ಟುಕೊಳ್ಳುವುದು ಅನ್ಯಾಯವೆನಿಸುತ್ತದೆ. ಅವಳನ್ನು ಕರೆತಂದರೆ ಅವನಿಗೆ ಆಡಲು ಮಾತಿಲ್ಲ, ಅವನ ಬಾಯಿಗೆ ಹಾಕಲು ನನ್ನ ಬಳಿಯೂ ಇಲ್ಲ. ಆ ಚರಣ ಸಾಹಿತ್ಯದ ದೃಷ್ಟಿಯಿಂದ ಸಾಧಾರಣವಾದದ್ದು, ಪ್ರಾಸಕ್ಕಾಗಿ ಎಳೆದು ತಂದ ಎರಡು ಪದಗಳಿವೆ ಎಂದು ಮನಸ್ಸಿಗೆ ಹೇಳಿಕೊಂಡು ನೋಡಿದೆ. ಮೂರು ಸಲ ಕೇಳಿದ ಮೇಲೆ ಗಮನಕ್ಕೆ ಬಂದದ್ದು ಬೇರೆ: ಪಲ್ಲವಿಯಲ್ಲಿ ಅವನು ಹಾಡುವಾಗಲೇ, ಹಿಂದೆ ಬಹಳ ಮೆಲ್ಲಗೆ ಒಂದು ಗೆಜ್ಜೆ ಆಡುತ್ತದೆ. ಮೊದಲಿನಿಂದಲೂ ಅದು ಅಲ್ಲಿಯೇ ಇತ್ತು. ಮೆಟ್ಟುಗತ್ತಿಗಳ ಸದ್ದಿನ ನಡುವೆ, ಸೋತ ಸೆಲ್ಲಿನ ದನಿಯಲ್ಲಿ, ಜಗುಲಿಯ ಆ ತುದಿಯಲ್ಲಿ ಕುಳಿತವಳಿಗೆ ಅದು ಕೇಳಿಸಿತ್ತು.

ಹಳೆಯ ದಾರಿಯೇ ಸರಿಯೆಂದುಕೊಂಡು, ಹಾಡನ್ನು ಆ ಪದದ ನಡುವೆಯೇ ನಿಲ್ಲಿಸಲು ಮೊಬೈಲಿನ ಮೇಲೆ ಬೆರಳಿಟ್ಟುಕೊಂಡು ಕುಳಿತಿದ್ದೇನೆ. ಸರಿಯಾದ ಕ್ಷಣ ಸಿಗುತ್ತಿಲ್ಲ. ಒಮ್ಮೆ ಅಕ್ಷರವೊಂದು ಮೊದಲೇ ನಿಲ್ಲುತ್ತದೆ, ಮತ್ತೊಮ್ಮೆ ಪದ ದಾಟಿ ಹೋಗುತ್ತದೆ, ಅಂಗಡಿಯಾತನ ಟೇಪು ಕಡಿದಷ್ಟು ಖಚಿತವಾಗಿ ನನಗೆ ಕಡಿಯಲು ಬರುವುದಿಲ್ಲ. ಇದು ಹನ್ನೊಂದನೆಯ ಸಲವಿರಬೇಕು. ಅಡುಗೆಮನೆಯಿಂದ ಮನೆಯಾಕೆಯ ದನಿ ಕೇಳುತ್ತಿದೆ: ‘ಹಾಕೋದಾದ್ರೆ ಪೂರ್ತಿ ಹಾಕಿ. ಇಲ್ಲಾಂದ್ರೆ ಬಂದು ಅಟ್ಟದಿಂದ ಹಲಸಿನ ಹಪ್ಪಳದ ಡಬ್ಬಿ ಇಳಿಸಿಕೊಡಿ, ಎಣ್ಣೆ ಕಾದಿದೆ.’